ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡವಂತೆ, ಕೆಲಸ ಬಿಟ್ಟು ಹೋಗಲಾ?

ಕೇಳಿದವರು:
ನನಗೆ 38. ಇಷ್ಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಸಾಕಾಗಿದೆ. ನಾರ್ವೆಯ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಯಾವ ದೇಶದವರು ಬೇಕಾದರೂ ಹೋಗಿ ಇರಬಹುದು, ದುಡಿಯಬಹುದು ಅಂತ ಓದಿದೆ. ಅಲ್ಲಿ ಗೈಡ್ ಆಗುವ ಆಸೆ. ಹೆಂಡತಿ ಬರಲು ತಯಾರು, ಮಗಳಿಗೆ 6 ವರ್ಷ. ಅಲ್ಲಿ ಇದ್ದು ಬಂದವರು, ಈಗ ಇರುವವರು ಇದ್ದದ್ದು ಇದ್ದ ಹಾಗೆ ಹೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ಬ್ಯಾಂಕ್ ಬಿಟ್ಟು ಹೋಟೆಲ್ ಕೆಲಸಕ್ಕೆ ಹೋದವಳು:
ನೀವು ಓದಿದ್ದು ಸರಿಯೇ ಸರ್. 1920ರಲ್ಲಿ ಆದ ಸ್ವಾಲ್‌ಬಾರ್ಡ್ ಒಪ್ಪಂದದ ಪ್ರಕಾರ ಜಾಗ ನಾರ್ವೆಯದ್ದು, ಆದರೆ ಅಲ್ಲಿರಲು ವೀಸಾ, ವರ್ಕ್ ಪರ್ಮಿಟ್ ಯಾವುದನ್ನೂ ಕೇಳುವುದಿಲ್ಲ. ಆದರೆ ಅಲ್ಲಿಗೆ ತಲುಪುವುದು ಹೇಗೆ? ವಿಮಾನ ನಾರ್ವೆಯ ಓಸ್ಲೋ ಇಲ್ಲ ಟ್ರಾಮ್ಸೊ ಊರಿನ ಮೇಲೆ ಹೋಗುತ್ತದೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಅನ್ನುತ್ತಾರೆ, ನಾರ್ವೆ ಅದರ ಒಳಗಿದೆ, ಸ್ವಾಲ್‌ಬಾರ್ಡ್ ಹೊರಗಿದೆ. ಹಾಗಾಗಿ ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕೇ ಬೇಕು, ಅದೂ ಡಬಲ್ ಎಂಟ್ರಿ, ಅಂದರೆ ಎರಡು ಸಲ ಒಳಗೆ ಬಿಡುವಂಥದ್ದು. ಅಲ್ಲಿದ್ದಾಗಲೇ ಅದರ ಅವಧಿ ಮುಗಿದರೆ ವಾಪಸ್ ಹೊರಡುವುದಕ್ಕೂ ಹೊಸದು ಮಾಡಿಸಬೇಕು.

ಇದೆಲ್ಲ ಕಾಗದದ ವಿಷಯ, ಹೇಗೋ ಆಗುತ್ತದೆ. ನಿಜವಾದ ತಲೆನೋವು ಮನೆ. ಸ್ವಾಲ್‌ಬಾರ್ಡ್‌ನ ಮುಖ್ಯ ಊರು ಲಾಂಗ್‌ಯಿಯರ್‌ಬ್ಯೆನ್, ಸುಮಾರು 2,500 ಜನ ಇರುವಂಥದ್ದು. ಅಲ್ಲಿನ ಮನೆಗಳಲ್ಲಿ ಹೆಚ್ಚಿನವು ಸರ್ಕಾರದ್ದು ಅಥವಾ ಕೆಲಸ ಕೊಡುವ ಕಂಪನಿಗಳದ್ದು. ಕೆಲಸದ ಜೊತೆ ರೂಮ್ ಬರುತ್ತದೆ, ಕೆಲಸ ಹೋದರೆ ರೂಮೂ ಹೋಗುತ್ತದೆ. ಹೊರಗೆ ಬಾಡಿಗೆಗೆ ಸಿಗುವುದು ತೀರಾ ಕಡಿಮೆ, ಸಿಕ್ಕರೂ ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ. 2015ರ ಡಿಸೆಂಬರ್‌ನಲ್ಲಿ ಹಿಮ ಕುಸಿದು ಇಬ್ಬರು ತೀರಿಕೊಂಡರು. ಆಮೇಲೆ ಬೆಟ್ಟದ ಬುಡದ ಎಷ್ಟೋ ಮನೆಗಳನ್ನು ಕೆಡವಿಬಿಟ್ಟರು. ಅಲ್ಲಿಗೆ ಇದ್ದ ಮನೆಗಳೂ ಕಡಿಮೆಯಾದವು. ಮೊದಲು ಹೋಗಿ ಆಮೇಲೆ ಹುಡುಕೋಣ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬಂದವನ ಹತ್ತಿರ ಖರ್ಚಿಗೆ ದುಡ್ಡಿಲ್ಲ ಅಂತಾದರೆ ಗವರ್ನರ್ ಕಚೇರಿಗೆ ಅವನನ್ನು ಹೊರಗೆ ಕಳಿಸುವ ಅಧಿಕಾರ ಇದೆ. ನಮ್ಮಂಥವರು ಕಷ್ಟಕ್ಕೆ ಬಿದ್ದರೆ ಕೈ ಹಿಡಿಯುವ ವ್ಯವಸ್ಥೆ ಅಲ್ಲಿಲ್ಲ. ವೀಸಾ ಕೇಳದ ಜಾಗ ನಿಮ್ಮ ಜವಾಬ್ದಾರಿಯನ್ನೂ ಹೊರುವುದಿಲ್ಲ. ಹೋಗುವ ಮೊದಲೇ ಇದು ತಲೆಯಲ್ಲಿರಲಿ.

ಇನ್ನು ಕೆಲಸ. ಬ್ಯಾಂಕಿನಲ್ಲಿ ನನ್ನ ಸಹಿಗೆ ಜನ ಕಾಯುತ್ತಿದ್ದರು. ಇಲ್ಲಿ ಇಪ್ಪತ್ತು ದಾಟಿದ ಹುಡುಗಿಯೊಬ್ಬಳು ನಾನು ಹಾಸಿದ ಹಾಸಿಗೆ ಎಳೆದು ಹಾಕಿ, ಮೂಲೆ ಸರಿ ಬಂದಿಲ್ಲ, ಮತ್ತೆ ಹಾಸು ಅಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಅದೇ ಜಾಸ್ತಿ ಉರಿದದ್ದು! ಕೈಬೆರಳು ಊದಿಕೊಂಡು ರಾತ್ರಿ ಫೋನ್ ಹಿಡಿಯಲೂ ಆಗುತ್ತಿರಲಿಲ್ಲ. ಥಾಯ್ಲೆಂಡ್, ಫಿಲಿಪೀನ್ಸ್‌ನವರು ಅಲ್ಲಿ ತುಂಬಾ ಜನ ಇದ್ದಾರೆ. ಸೊಂಟ ಬಗ್ಗಿಸದೆ ಮಂಚದ ಕೆಳಗೆ ಹೇಗೆ ಗುಡಿಸುವುದು ಅಂತ ಕಲಿಸಿದ್ದು ಅವರೇ. ಹಳೆ ಹುದ್ದೆ ಏನಿತ್ತು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕೆಲವು ದಿನ ಅದು ಹಿತ ಅನಿಸುತ್ತಿತ್ತು. ಕೆಲವು ದಿನ ಯಾರಾದರೂ ಕೇಳಬಾರದಾ ಅನಿಸುತ್ತಿತ್ತು. ನಿಮ್ಮ ಸಾಫ್ಟ್‌ವೇರ್ ಅನುಭವವೂ ಅಷ್ಟೇ, ಅಲ್ಲಿ ಅದನ್ನು ನೋಡಿ ಹೋಟೆಲಿನವರು ನಾರ್ವೆ ದುಡ್ಡಿನ ಒಂದು ಕ್ರೋನೆ ಜಾಸ್ತಿ ಕೊಡುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದಾದರೆ ಉಳಿದದ್ದೆಲ್ಲ ಸುಲಭ.

ಎಂಜಿನಿಯರಿಂಗ್ ಬಿಟ್ಟು ಗೈಡ್ ಆದವನು:
ಅಕ್ಕ ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ಗೈಡ್ ಅಂದರೆ ಕಥೆ ಹೇಳುವ ಕೆಲಸ ಅಂದುಕೊಳ್ಳಬೇಡಿ. ಊರ ಗಡಿ ದಾಟಿದರೆ ಹಿಮಕರಡಿ ಬರಬಹುದು. ಅದನ್ನು ಹೆದರಿಸಿ ಓಡಿಸುವ ಸಾಧನ ಜೊತೆಗಿರಬೇಕು ಅಂತ ಕಾನೂನೇ ಇದೆ, ಗೈಡ್‌ಗಳು ಬಂದೂಕನ್ನೂ ಒಯ್ಯುತ್ತಾರೆ. ಹಾಗಂತ ಕರಡಿ ಕಂಡರೆ ಹೊಡೆಯುವುದಲ್ಲ, ಅದು ರಕ್ಷಿತ ಪ್ರಾಣಿ. ಕರಡಿಯೇ ಎದುರಾಗದ ಹಾಗೆ ಜನರನ್ನು ಕರೆದುಕೊಂಡು ಹೋಗಿ ಬರುವವನೇ ಒಳ್ಳೆಯ ಗೈಡ್. ಜೊತೆಗೆ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಬೈಕಿನಂಥ ಗಾಡಿ) ರಿಪೇರಿ, ಹಿಮದಲ್ಲಿ ಹೂತವರನ್ನು ಹುಡುಕುವುದು, ಹಿಮನದಿಯ ಬಿರುಕು ಗುರುತಿಸುವುದು, ಪ್ರಥಮ ಚಿಕಿತ್ಸೆ, ಇಷ್ಟೂ ಬರಬೇಕು. ಒಂದು ಊರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ಚಳಿಗಾಲದಲ್ಲಿ ಸ್ನೋಮೊಬೈಲ್, ಬೇಸಿಗೆಯಲ್ಲಿ ದೋಣಿ.

ನನಗೆ ಮೊದಲು ಸಿಕ್ಕಿದ್ದು ಗೈಡ್ ಕೆಲಸ ಅಲ್ಲ. ಪ್ರವಾಸಿಗರು ಹಾಕಿ ಬಿಚ್ಚಿದ ಸೂಟು, ಬೂಟು ಒಣಗಿಸಿ, ಹೆಲ್ಮೆಟ್ ಒರೆಸಿ, ಅಳತೆ ಪ್ರಕಾರ ನೇತುಹಾಕುವ ಕೆಲಸ. ಹಿಂದಿನ ದಿನದ ಬೆವರಿನ ವಾಸನೆಯಲ್ಲೇ ಬೆಳಗ್ಗೆ ಶುರು. ಆದರೆ ಅಲ್ಲಿ ನಿಂತಿದ್ದರಿಂದಲೇ ಗೈಡ್‌ಗಳ ಮಾತು ಕಿವಿಗೆ ಬಿತ್ತು, ಯಾರು ಯಾಕೆ ಟ್ರಿಪ್ ರದ್ದು ಮಾಡಿದರು, ಯಾವ ಕಣಿವೆಯಲ್ಲಿ ನೀರು ಬಂದಿದೆ, ಮಂಜುಗಡ್ಡೆ ಎಲ್ಲಿ ತೆಳುವಾಗಿದೆ ಅಂತೆಲ್ಲ. ಸರ್, ನೀವು ಟೆಸ್ಟಿಂಗ್‌ನವರು ಅಲ್ವಾ, ಎಲ್ಲಿ ಏನು ಕೈಕೊಡಬಹುದು ಅಂತ ಮೊದಲೇ ಯೋಚಿಸುವ ಅಭ್ಯಾಸ ಇರುತ್ತದೆ. ಈ ಕೆಲಸಕ್ಕೆ ಬೇಕಾದ ಬುದ್ಧಿ ಅದೇ.

ಸೀಸನ್ ನೆನಪಿರಲಿ. ಫೆಬ್ರವರಿಯಿಂದ ಮೇ ತನಕ ಉಸಿರಾಡಲು ಪುರುಸೊತ್ತಿಲ್ಲ, ಬೇಸಿಗೆಯಲ್ಲಿ ಹಡಗುಗಳು, ಆಮೇಲೆ ಕೆಲಸ ಇಳಿಯುತ್ತದೆ. ಗೈಡ್‌ಗಳ ಕರಾರು ಹೆಚ್ಚಾಗಿ ಸೀಸನ್‌ಗಷ್ಟೇ. 2020ರಲ್ಲಿ ಪ್ರವಾಸಿಗರು ನಿಂತಾಗ ಹೊರದೇಶದ ಎಷ್ಟೋ ಜನ ರಾತ್ರಿ ಬೆಳಗಾಗುವುದರಲ್ಲಿ ಕೆಲಸ ಕಳೆದುಕೊಂಡರು. ಮೂವರ ವಾಪಸ್ ಟಿಕೆಟ್ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಮರೆತುಬಿಡಿ.

ಮಗುವಿನ ಜೊತೆ ಇದ್ದವಳು:
ಮಗಳ ಬಗ್ಗೆ ಯಾರೂ ಬರೆದಿಲ್ಲವಲ್ಲ! ಶಾಲೆ ಇದೆ, ಚೆನ್ನಾಗಿದೆ, ಪಾಠ ನಾರ್ವೀಜಿಯನ್‌ನಲ್ಲಿ. ಮಕ್ಕಳು ಭಾಷೆ ಬೇಗ ಕಲಿಯುತ್ತಾರೆ, ನಾವು ಹಿಂದೆ ಬೀಳುತ್ತೇವೆ. ಹೋಟೆಲ್, ಪ್ರವಾಸದ ಕೆಲಸಕ್ಕೆ ಇಂಗ್ಲಿಷ್ ಸಾಕು, ಕಚೇರಿ ಕೆಲಸ ಬೇಕಾದರೆ ನಾರ್ವೀಜಿಯನ್ ಬೇಕು. ನಿಮ್ಮ ಹೆಂಡತಿ ಈಗಿನಿಂದಲೇ ಕಲಿಯಲಿ. ನೀವೂ.

ಆಸ್ಪತ್ರೆ ಚಿಕ್ಕದು. ದೊಡ್ಡ ತೊಂದರೆಯಾದರೆ ವಿಮಾನದಲ್ಲಿ ಟ್ರಾಮ್ಸೊಗೆ ಕಳಿಸುತ್ತಾರೆ. ಹೆರಿಗೆಯೂ ಅಲ್ಲಿಲ್ಲ, ದಿನ ಹತ್ತಿರ ಬರುವ ಮೊದಲೇ ನಾರ್ವೆಗೆ ಹೋಗಿರಬೇಕು. ಅಲ್ಲಿ ಸಾಯುವುದಕ್ಕೂ ಕಾನೂನು ಬಿಡುವುದಿಲ್ಲ ಅಂತ ಎಲ್ಲ ಕಡೆ ಬರೆಯುತ್ತಾರೆ, ಅದು ಸುಮ್ನೆ ಕಥೆ. ನೆಲ ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಶವ ಹೂಳುವುದಿಲ್ಲ, ವಯಸ್ಸಾದವರನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲ, ಅಷ್ಟೇ.

ಇನ್ನು ಕತ್ತಲೆ. ಅಕ್ಟೋಬರ್ ಕೊನೆಗೆ ಸೂರ್ಯ ಹೋದರೆ ಮತ್ತೆ ದಿಗಂತಕ್ಕೆ ಬರುವುದು ಫೆಬ್ರವರಿ ನಡುವಿಗೆ. ಬೆಟ್ಟಗಳು ಅಡ್ಡ ಇರುವುದರಿಂದ ಊರೊಳಗೆ ಬಿಸಿಲು ಬೀಳಲು ಮಾರ್ಚ್ 8ರ ಹೊತ್ತಾಗುತ್ತದೆ, ಅವತ್ತು ಹಳೆ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಊರೆಲ್ಲ ಸೇರಿ ಕಾಯುತ್ತದೆ. ಚಳಿಗೆ ಬಟ್ಟೆ ಇದೆ, ಮೈನಸ್ 15ಕ್ಕೆ ಒಗ್ಗಿಹೋಗುತ್ತೀರಿ. ಕತ್ತಲೆಗೆ ಒಗ್ಗುವುದು ಬೇರೆ ಮಾತು. ನನ್ನ ಗಂಡನಿಗೆ ನಿದ್ದೆಯೇ ಕೆಟ್ಟಿತು, ಮಾತು ಕಡಿಮೆಯಾಯಿತು, ಸಣ್ಣದಕ್ಕೂ ಸಿಡುಕು. ಮಗನಿಗೆ ಏನೂ ಆಗಲಿಲ್ಲ, ಅವನು ತಲೆಗೆ ದೀಪ ಕಟ್ಟಿಕೊಂಡು ಹೊರಗೆ ಆಡುತ್ತಿದ್ದ. ಏಪ್ರಿಲ್ ಇಪ್ಪತ್ತರ ಹೊತ್ತಿಗೆ ಸೂರ್ಯ ಮುಳುಗುವುದೇ ನಿಲ್ಲುತ್ತದೆ, ಆಗಸ್ಟ್ ಕೊನೆ ವಾರದವರೆಗೂ ರಾತ್ರಿ ಇಲ್ಲ. ದಪ್ಪ ಪರದೆ ಹಾಕಿ ಹಗಲಿನಲ್ಲೇ ಮಗುವನ್ನು ಮಲಗಿಸುವುದು ಇನ್ನೊಂದು ಯುದ್ಧ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಗೂ ಓದಿ ಹೇಳಿದೆ. ಅವಳದು ಎರಡು ಪ್ರಶ್ನೆ. ಈಗಿನ ಕೆಲಸವನ್ನೇ ಅಲ್ಲಿ ಕೂತು ಮಾಡಬಹುದಾ? ಕೆಲವು ವರ್ಷ ಅಲ್ಲಿದ್ದರೆ ನಾರ್ವೆಗೆ ಹೋಗಿ ನೆಲೆಸಬಹುದಾ?

ಆನ್‌ಲೈನ್ ಕೆಲಸ ಮಾಡಿದವನು:
ಎರಡನೆಯದಕ್ಕೆ ಮೊದಲು ಹೇಳುತ್ತೇನೆ: ಇಲ್ಲ. ಸ್ವಾಲ್‌ಬಾರ್ಡ್‌ನಲ್ಲಿ ಕಳೆದ ವರ್ಷಗಳು ನಾರ್ವೆಯ ಕಾಯಂ ವಾಸದ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಮೆಟ್ಟಿಲು ಅಂದುಕೊಂಡು ಹೋದವರೇ ಕೊನೆಗೆ ಜಾಸ್ತಿ ಕಹಿಯಾಗಿ ಮಾತಾಡುವುದನ್ನು ನೋಡಿದ್ದೇನೆ. ಊರಿನ ಚುನಾವಣೆಯಲ್ಲಿ ವೋಟು ಕೂಡ ಹೊರದೇಶದವರಿಗೆ ಮೊದಲಿನ ಹಾಗಿಲ್ಲ, ನಾರ್ವೆಯ ಮುಖ್ಯಭೂಮಿಯಲ್ಲಿ 3 ವರ್ಷ ಇದ್ದಿರಬೇಕು ಅಂತ 2022ರಲ್ಲಿ ನಿಯಮ ಬದಲಿಸಿದರು.

ಮೊದಲನೆಯದು ಆಗುತ್ತದೆ, ಕಂಪನಿ ಒಪ್ಪಿದರೆ. ಇಂಟರ್ನೆಟ್ ನಂಬಿ, 2004ರಿಂದ ಸಮುದ್ರದಡಿ ಫೈಬರ್ ಕೇಬಲ್ ಇದೆ. ಆದರೆ ಅಲ್ಲಿನವರ ಕೈಕೆಳಗೆ ಕೆಲಸ ಮಾಡದಿದ್ದರೆ ಆರೋಗ್ಯ ವಿಮೆ ನಿಮ್ಮದೇ, ಮನೆಯೂ ನಿಮ್ಮದೇ ಪಾಡು. ತೆರಿಗೆ ನಾರ್ವೆಗಿಂತ ಕಡಿಮೆ ಅಂತ ಹಿಗ್ಗಬೇಡಿ, ತರಕಾರಿ ಕೊಳ್ಳುವಾಗ ಆ ಉಳಿತಾಯ ಹೋಗುತ್ತದೆ, ಎಲ್ಲ ಹೊರಗಿಂದಲೇ ಬರಬೇಕಲ್ಲ. ಮತ್ತೊಂದು ಮಾತು, ಬೇಜಾರು ಬೇಡ. ಅದೇ ಕೆಲಸವನ್ನು ಹಿಮದಲ್ಲಿ ಕೂತು ಮಾಡುವುದಾದರೆ ನೀವು ಬಿಟ್ಟದ್ದೇನು? ನನಗೆ ಅದು ಸರಿಹೋಯಿತು, ನನಗೆ ನನ್ನ ಕೆಲಸ ಇಷ್ಟವಿತ್ತು.

ಬ್ಯಾಂಕ್ ಬಿಟ್ಟು ಹೋಟೆಲ್ ಕೆಲಸಕ್ಕೆ ಹೋದವಳು:
ಇವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಮನೆಯವರ ದೃಷ್ಟಿಯಿಂದ ಮೊದಲ ವರ್ಷ ಹಳೆ ಸಂಬಳ ಕೈಯಲ್ಲಿರುವುದು ತಪ್ಪೇನಲ್ಲ. ನಾನಾಗಿದ್ದರೆ ನವೆಂಬರ್‌ನಲ್ಲಿ ರಜೆ ಹಾಕಿ ಇಬ್ಬರೂ ಎರಡು ವಾರ ಹೋಗಿ ಬರುತ್ತಿದ್ದೆವು. ಏಪ್ರಿಲ್‌ನಲ್ಲಿ ಎಲ್ಲರಿಗೂ ಆ ಊರು ಇಷ್ಟವಾಗುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ನವೆಂಬರ್‌ನಲ್ಲಿ ಕೆಲಸವೂ ಕಡಿಮೆ ಇರುವುದರಿಂದ ಮ್ಯಾನೇಜರ್‌ಗಳು ನಿಂತು ಮಾತಾಡುತ್ತಾರೆ, ಫೆಬ್ರವರಿಗೆ ಜನ ಬೇಕಾ, ಜೋಡಿಗೆ ರೂಮ್ ಕೊಡುತ್ತೀರಾ, ಮಗು ಇದ್ದರೆ ಏನು ಅಂತ ಎದುರಿಗೇ ಕೇಳಿ. ಮಗು ಅಂದ ಕೂಡಲೇ ಅರ್ಧ ಜನ ಆಗಲ್ಲ ಅನ್ನುತ್ತಾರೆ, ಉಳಿದವರ ಹೆಸರು ಬರೆದುಕೊಳ್ಳಿ.

ಉಣ್ಣೆ ಸಾಕ್ಸ್ ಹೊಸದು ಕೊಂಡುಕೊಂಡು ಹೋಗಿ. ಅಲ್ಲಿ ಕಲ್ಲಿದ್ದಲು ಗಣಿ ನಡೆಯುತ್ತಿದ್ದ ಕಾಲದಿಂದ ಬಂದ ಪದ್ಧತಿ, ಹೋಟೆಲ್, ಮ್ಯೂಸಿಯಂ ಎಲ್ಲ ಕಡೆ ಬೂಟು ಬಾಗಿಲಲ್ಲೇ ಬಿಡಿಸುತ್ತಾರೆ, ಕೆಲಸ ಕೇಳಲು ಹೋದಾಗ ಹೆಬ್ಬೆರಳು ಹೊರಗೆ ಇಣುಕಬಾರದು.