ಸಹಾಯ ಬೇಕು: ದಪ್ಪ ಮೈಯವರಿಗೆ ಭರತನಾಟ್ಯದ ಡ್ರೆಸ್ ಹೊಲಿಯುವವರು
ಎಲ್ಲರಿಗೂ ನಮಸ್ಕಾರ. ಯುಗಾದಿ ಆದಮೇಲೆ ಮಗಳ ರಂಗಪ್ರವೇಶ. ಮಲ್ಲೇಶ್ವರ, ಬಸವನಗುಡಿ ಕಡೆ ದಪ್ಪ ಇರೋರಿಗೂ ಸರಿಯಾಗಿ ಅಳತೆ ತೆಗೆದು ಹೊಲಿಯೋ ಟೈಲರ್ ಗೊತ್ತಿದ್ರೆ ಹೇಳಿ. ಈಗ ಹೊಲಿಸಿರೋದು ಅರಮಂಡಿ (ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂರೋ ಭಂಗಿ) ಕೂತರೆ ತೊಡೆ ಹತ್ರ ಹಿಡಿಯುತ್ತೆ, ಮುಂದಿನ ನೆರಿಗೆಯ ಫ್ಯಾನ್ ಪೂರ್ತಿ ಬಿಚ್ಚಿಕೊಳ್ಳಲ್ಲ. ಕೇಳಿದ್ದಕ್ಕೆ, "ಮೊದಲು ತೂಕ ಇಳಿಸ್ಲಿ ಮೇಡಂ" ಅಂದ್ರು. ದುಡ್ಡು ಮಾತ್ರ ಪೂರ್ತಿ ತಗೊಂಡ್ರು!

ಇನ್ನೊಂದು. ದಪ್ಪ ಇರೋರು ನರ್ತಿಸಬಾರದು ಅಂತ ನೃತ್ಯದ ಹಳೇ ಸಂಸ್ಕೃತ ಗ್ರಂಥ 'ಅಭಿನಯ ದರ್ಪಣ'ದಲ್ಲೇ ಇದೆ ಅಂತ ನೆಂಟರೊಬ್ಬರು ಅವಳ ಮುಂದೇನೇ ಹೇಳಿದ್ರು. ಅದೇ ಪಟ್ಟಿಯಲ್ಲಿ ತೀರಾ ಸಣಕಲು, ತೀರಾ ಎತ್ತರ, ತೀರಾ ಕುಳ್ಳಗಿರೋರೂ ಇದ್ದಾರೆ, ಅದನ್ನ ಯಾರೂ ಎತ್ತಲ್ಲ. 1977ರಲ್ಲಿ ಪದ್ಮವಿಭೂಷಣ ಪಡೆದ ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರದ್ದೂ ತುಂಬಿದ ಮೈಯೇ. ಅವರ ಅಭಿನಯದ ವಿಡಿಯೋ ತೋರಿಸಿದೆ. "ಅದು ಆ ಕಾಲ ಬಿಡಮ್ಮ" ಅಂದಳು. ಈಗ ವೇದಿಕೆ ಮೇಲಿರೋ, ಇಂಥದ್ದೇ ಮೈಕಟ್ಟಿನ ಕಲಾವಿದೆಯರು ಗುಂಪಿನಲ್ಲಿದ್ರೆ ಅವಳ ಜೊತೆ ಒಮ್ಮೆ ಫೋನಲ್ಲಿ ಮಾತಾಡ್ತೀರಾ? ಡಯಟ್ ಸಲಹೆ ದಯವಿಟ್ಟು ಬೇಡ.