ಕನ್ನಡ ಪುಸ್ತಕಕ್ಕೆ ಲೇಟೆಕ್: ಚಿತ್ರ, ನಕ್ಷೆ ಸರಿಯಾಗಿ ಕೂರಿಸೋದು ಹೇಗೆ?

ಪ್ರಶ್ನೆ (ಜಯನಗರದಿಂದ): ನಮ್ಮ ಬಡಾವಣೆಯ ಕೆರೆ ಬಗ್ಗೆ 90 ಪುಟದ ಪುಸ್ತಕ ಮಾಡುತ್ತಿದ್ದೇವೆ. ಫೋಟೊ, ನಕ್ಷೆ, ಮಳೆ ಲೆಕ್ಕದ ಗ್ರಾಫ್ ಎಲ್ಲ ಸೇರಿ 40 ಚಿತ್ರ. ವರ್ಡ್‌ನಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಮುಂದಿನ ಚಿತ್ರಗಳೆಲ್ಲ ಜಾಗ ಬಿಟ್ಟು ಓಡುತ್ತವೆ. ಲೇಟೆಕ್ (ಪುಸ್ತಕದ ಪುಟ ಜೋಡಿಸುವ ತಂತ್ರಾಂಶ) ಬಳಸಿ ಅಂತ ಒಬ್ಬರು ಹೇಳಿದರು. ಅದರಲ್ಲಿ ಕನ್ನಡ ಬರುತ್ತಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಬಸವನಗುಡಿಯಿಂದ: ಖಂಡಿತ ಬರುತ್ತದೆ. ನಾನು ಮೂರು ಪುಸ್ತಕ ಅದರಲ್ಲೇ ಮಾಡಿದ್ದೇನೆ. ಆದರೆ ಪಿಡಿಎಫ್‌ಲೇಟೆಕ್ ಬೇಡ, ಝೀಲೇಟೆಕ್ ಇಟ್ಟುಕೊಳ್ಳಿ. ಎರಡೂ ಲೇಟೆಕ್ ಫೈಲನ್ನು ಪಿಡಿಎಫ್ ಮಾಡಿಕೊಡುವ ಪ್ರೋಗ್ರಾಂಗಳೇ. ಅದು ನಿಮ್ಮ ಕಂಪ್ಯೂಟರಿನಲ್ಲಿರುವ ಯೂನಿಕೋಡ್ ಫಾಂಟನ್ನೇ ನೇರವಾಗಿ ಎತ್ತಿಕೊಳ್ಳುತ್ತದೆ. ಫಾಂಟ್‌ಸ್ಪೆಕ್ ಪ್ಯಾಕೇಜಿನಲ್ಲಿ (ಫಾಂಟ್ ಆರಿಸಲು ಲೇಟೆಕ್‌ಗೆ ಸೇರಿಸುವ ಪೂರಕ) ನೋಟೊ ಸೆರಿಫ್ ಕನ್ನಡ ಫಾಂಟ್ ಕೊಡುವಾಗ, ಜೊತೆಗೆ ಸ್ಕ್ರಿಪ್ಟ್ ಕನ್ನಡ ಅಂತಲೂ ಕೊಡಿ. ಇಲ್ಲದಿದ್ದರೆ ಒತ್ತಕ್ಷರ ಕೆಡುತ್ತದೆ. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೇನಾದರೂ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ.

ಇನ್ನು ಚಿತ್ರ. ನನ್ನ ಮೊದಲ ಪುಸ್ತಕದಲ್ಲಿ ಪೈಥಾನ್‌ನಲ್ಲಿ ಬರೆದ ಗ್ರಾಫ್‌ಗಳನ್ನು ಸ್ಕ್ರೀನ್‌ಶಾಟ್ ತೆಗೆದು ಹಾಕಿದ್ದೆ. ಮಾನಿಟರಿನಲ್ಲಿ ಚೆನ್ನಾಗೇ ಕಂಡಿತ್ತು. ಅಚ್ಚಾಗಿ ಬಂದಾಗ ಗೆರೆಗಳ ಅಂಚೆಲ್ಲ ಮಸುಕು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಗ್ರಾಫಿನಲ್ಲಿದ್ದ ‘ಅಕ್ಟೋಬರ್’ ಪದ ನೋಡಿ. ಟ ಒತ್ತು ಕೆಳಗೆ ಇಳಿದೇ ಇರಲಿಲ್ಲ. ‘ಕ್’ ಒಂದು ಕಡೆ, ‘ಟೋ’ ಪಕ್ಕದಲ್ಲಿ. ಎಲ್ಲ ಪ್ರತಿಯಲ್ಲೂ ಹಾಗೇ ಹೋಯಿತು. ಇವತ್ತಿಗೂ ಆ ಪುಟ ತೆರೆದರೆ ಬೇಜಾರಾಗುತ್ತದೆ.

ಈಗ ಗ್ರಾಫನ್ನು ಪಿಜಿಎಫ್‌ಪ್ಲಾಟ್ಸ್‌ನಲ್ಲಿ ಪುಸ್ತಕದ ಒಳಗೇ ಬರೆಯುತ್ತೇನೆ, ಅದು ಲೇಟೆಕ್‌ನ ಗ್ರಾಫ್ ಪ್ಯಾಕೇಜ್. ಅಂಕಿ ಕೊಟ್ಟರೆ ಲೇಟೆಕ್ ತಾನೇ ಗೆರೆ ಎಳೆಯುತ್ತದೆ, ಅಕ್ಷರಗಳು ಪುಸ್ತಕದ ಫಾಂಟಿನಲ್ಲೇ ಬರುತ್ತವೆ. ನಕ್ಷೆಗೆ ಇಂಕ್‌ಸ್ಕೇಪ್. ಅದು ಚಿತ್ರ ಬರೆಯುವ ತಂತ್ರಾಂಶ, ಅದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಪಿಡಿಎಫ್ ಆಗಿಯೇ ಉಳಿಸಿ, ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯುವುದಿಲ್ಲ. ಫೋಟೊ ಮಾತ್ರ ಜೆಪೆಗ್ ಇರಲಿ. ಪುಟದಲ್ಲಿ 4 ಇಂಚು ಅಗಲ ಬರಬೇಕಾದರೆ, ಇಂಚಿಗೆ 300ರಂತೆ 1200 ಪಿಕ್ಸೆಲ್ ಬೇಕು. ಕೆರೆ ಫೋಟೊಗಳನ್ನು ಬಡಾವಣೆಯವರು ವಾಟ್ಸಾಪಿನಲ್ಲಿ ಕಳಿಸುತ್ತಾರೆ ಅಲ್ವಾ? ಫೋಟೊ ಆಗಿ ಬಂದರೆ ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ.

40 ಚಿತ್ರ ಇದ್ದರೆ ಪ್ರತಿ ಸಲ ಪಿಡಿಎಫ್ ಮಾಡುವಾಗ ಕಾಯಬೇಕಾಗುತ್ತದೆ. ಬರೆಯುವಾಗ ಗ್ರಾಫಿಕ್‌ಎಕ್ಸ್ ಪ್ಯಾಕೇಜಿಗೆ (ಚಿತ್ರ ಸೇರಿಸುವುದು ಇದರಿಂದಲೇ) ಡ್ರಾಫ್ಟ್ ಅಂತ ಕೊಡಿ. ಚಿತ್ರದ ಜಾಗದಲ್ಲಿ ಖಾಲಿ ಚೌಕ ಬರುತ್ತದೆ, ಕೆಲಸ ಬೇಗ ಆಗುತ್ತದೆ.

ಮಲ್ಲೇಶ್ವರದಿಂದ: ಒಂದು ಮಾತು ಸೇರಿಸುತ್ತೇನೆ. ಪುಟದಲ್ಲಿ ಜಾಗ ಸಾಲದಿದ್ದರೆ ಲೇಟೆಕ್ ಚಿತ್ರವನ್ನು ಮುಂದಿನ ಪುಟಕ್ಕೆ ಕಳಿಸುತ್ತದೆ. ಗಾಬರಿಯಾಗಬೇಡಿ. ‘ಕೆಳಗಿನ ಚಿತ್ರ ನೋಡಿ’ ಅಂತ ಬರೆಯುವ ಬದಲು ಲೇಬಲ್ (ಚಿತ್ರಕ್ಕೆ ನೀವಿಡುವ ಗುರುತಿನ ಹೆಸರು) ಕೊಟ್ಟು ನಂಬರಿನಿಂದ ಕರೆಯಿರಿ. ಲೇಬಲ್ ಇರಬೇಕಾದ್ದು ಕ್ಯಾಪ್ಷನ್ (ಚಿತ್ರದ ಶೀರ್ಷಿಕೆ) ಆದ ಮೇಲೆ. ಮೊದಲೇ ಬರೆದರೆ ಚಿತ್ರದ ನಂಬರಿಗೆ ಬದಲು ಅಧ್ಯಾಯದ್ದೋ ಸೆಕ್ಷನ್ನಿನದ್ದೋ ನಂಬರ್ ಬರುತ್ತದೆ. ಇದನ್ನು ಹುಡುಕುತ್ತಾ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ‘ಫಿಗರ್’ ಅನ್ನೋದನ್ನು ‘ಚಿತ್ರ’ ಅಂತ ಬದಲಿಸೋಕೂ ಆಗುತ್ತದೆ, ಫಿಗರ್‌ನೇಮ್ ಅನ್ನೋ ಆಜ್ಞೆ ಇದೆ.

ಚಾಮರಾಜಪೇಟೆಯಿಂದ: ಪ್ರೆಸ್ಸಿನಲ್ಲಿ ಫೈಲ್ ತೆಗೆದುಕೊಳ್ಳುವ ಕೆಲಸ ನನ್ನದು. ಪೆನ್‌ಡ್ರೈವ್ ತರುವ ಮುಂಚೆ ಪಿಡಿಎಫ್‌ಫಾಂಟ್ಸ್ ಅನ್ನೋ ಪ್ರೋಗ್ರಾಂ ಓಡಿಸಿ ನೋಡಿ. ಎಲ್ಲ ಫಾಂಟಿನ ಎದುರು ‘ಎಂಬ್’ ಕಾಲಮ್ಮಿನಲ್ಲಿ ‘ಯೆಸ್’ ಇರಬೇಕು, ಅಂದರೆ ಆ ಫಾಂಟ್ ಪಿಡಿಎಫ್ ಒಳಗೇ ಸೇರಿದೆ ಅಂತ ಅರ್ಥ. ಒಳಪುಟ ಕಪ್ಪು ಬಿಳುಪಾದರೆ ಕೆಂಪು ಗೆರೆ, ಹಸಿರು ಗೆರೆ ಎರಡೂ ಒಂದೇ ಬೂದು ಬಣ್ಣ ಆಗಿಬಿಡಬಹುದು. ಒಂದನ್ನು ಚುಕ್ಕೆ ಗೆರೆ ಮಾಡಿ.

ಮತ್ತೆ, 16 ಪುಟಕ್ಕೆ ಒಂದು ಫಾರಂ ಲೆಕ್ಕ ಹಾಕಿದರೆ ನಿಮ್ಮದು 6 ಫಾರಂ, ಅಂದರೆ 96 ಪುಟ. ಉಳಿಯುವ 6 ಪುಟ ಸುಮ್ನೆ ಖಾಲಿ ಬಿಡಬೇಡಿ. ಒಳ್ಳೆಯ ಕೆರೆ ಫೋಟೊ ಇದ್ದರೆ ಪುಟ ತುಂಬ ಹಾಕಿ.