‘ಅಕ್ವೈರ್ಡ್ ಫ್ಲಾಟ್‌ಫೂಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದೊಡ್ಡವರಿಗೆ ಬರುವ ‘ಅಕ್ವೈರ್ಡ್ ಫ್ಲಾಟ್‌ಫೂಟ್’ ಬಗ್ಗೆ ರೋಗಿಗಳಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

‘ಫ್ಲಾಟ್‌ಫೂಟ್’ಗೆ ಚಪ್ಪಟೆ ಪಾದ ಸಾಕು. ತೊಡಕಿರುವುದು ‘ಅಕ್ವೈರ್ಡ್’ನಲ್ಲಿ, ಅಂದರೆ ಹುಟ್ಟಿನಿಂದ ಇರದೆ ಆಮೇಲೆ ಬಂದದ್ದು ಅನ್ನುವುದರಲ್ಲಿ. ‘ಆರ್ಜಿತ’ ಅಂದರೆ ಪಿತ್ರಾರ್ಜಿತ, ಸ್ವಯಾರ್ಜಿತ ಅಂತ ಆಸ್ತಿಯೇ ನೆನಪಾಗುತ್ತದೆ, ಅಲ್ವಾ? ಹಾಗಂತ ಈ ಪದ ಬಿಟ್ಟುಬಿಡುವ ಹಾಗೂ ಇಲ್ಲ. ಕೆಲವರ ಪಾದ ಮೊದಲಿನಿಂದಲೂ ಚಪ್ಪಟೆ. ನೋವಿಲ್ಲದಿದ್ದರೆ ಅವರಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ನಾನು ಹೇಳಹೊರಟಿರುವುದು ಮೊದಲು ಚೆನ್ನಾಗಿದ್ದ ಅಂಗಾಲಿನ ಕಮಾನು ಆಮೇಲೆ ಕುಸಿಯುವುದನ್ನು. ಹೆಚ್ಚಾಗಿ ಒಂದೇ ಕಾಲಿನಲ್ಲಿ ಶುರುವಾಗುತ್ತದೆ, ಒಳಗಿಣ್ಣಿನ ಹತ್ತಿರ ನೋವು, ಊತ ಬರುತ್ತದೆ. ಇದನ್ನು ಸುಮ್ನೆ ಬಿಡಬಾರದು. ಈ ವ್ಯತ್ಯಾಸ ಹೆಸರಲ್ಲೇ ಗೊತ್ತಾಗಬೇಕು ಅನ್ನುವುದು ನನ್ನ ಆಸೆ.

2020ರಲ್ಲಿ ಪಾದತಜ್ಞರ ಒಂದು ಗುಂಪು ಇಂಗ್ಲಿಷಿನಲ್ಲೇ ಹಳೆಯ ಹೆಸರನ್ನು ಕೈಬಿಟ್ಟು ‘ಪ್ರೋಗ್ರೆಸಿವ್ ಕೊಲ್ಯಾಪ್ಸಿಂಗ್ ಫುಟ್ ಡಿಫಾರ್ಮಿಟಿ’ (ಬರಬರುತ್ತಾ ಕುಸಿಯುವ ಪಾದದ ವಿಕಾರ) ಎಂದು ಕರೆಯಲು ಸಲಹೆ ಕೊಟ್ಟಿತು. ಅದರ ಜಾಡಿನಲ್ಲಿ ‘ಪಾದದ ಕಮಾನು ಕುಸಿತ’ ಅನ್ನಬಹುದೇ? ನನಗೆ ಇದೇ ಹಿಡಿಸಿದೆ. ಮೆಲ್ಲಗೆ ಜಾಸ್ತಿಯಾಗುತ್ತಾ ಹೋಗುವ ತೊಂದರೆ ಎಂಬುದೂ ‘ಕುಸಿತ’ದಲ್ಲಿ ಸ್ವಲ್ಪ ಬರುತ್ತದೆ.

ಇದಕ್ಕಿಂತ ಕಷ್ಟ ಕೊಟ್ಟಿರುವುದು ‘ಟೆಂಡನ್’, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು. ಕುಸಿತಕ್ಕೆ ಮುಖ್ಯ ಕಾರಣವೇ ಒಂದು ಟೆಂಡನ್ ಸವೆದು ಸೋಲುವುದು. ಅದು ಮೀನಖಂಡದ ಆಳದಲ್ಲಿರುವ ಸ್ನಾಯುವಿನಿಂದ ಹೊರಟು, ಒಳಗಿಣ್ಣಿನ ಹಿಂದೆ ತಿರುಗಿ, ಪಾದದ ನಡುವಿನ ಮೂಳೆಗಳಿಗೆ ಅಂಟಿಕೊಂಡು ಕಮಾನನ್ನು ಎತ್ತಿ ಹಿಡಿಯುತ್ತದೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ, ಮೈತೂಕ ಜಾಸ್ತಿ ಇರುವವರಲ್ಲಿ, ಸಕ್ಕರೆ ಕಾಯಿಲೆ, ಬಿಪಿ, ಕೀಲುವಾತ ಇರುವವರಲ್ಲಿ ಇದು ಸೋಲುವುದು ಹೆಚ್ಚು. ಪೆಟ್ಟು ಬಿದ್ದೂ ಹೀಗಾಗಬಹುದು. ಆಮೇಲೆ ಹಿಮ್ಮಡಿ ಹೊರಕ್ಕೆ ವಾಲುತ್ತದೆ, ಪಾದದ ಮುಂಭಾಗವೂ ಹೊರಕ್ಕೆ ತಿರುಗುತ್ತದೆ. ಹಿಂದಿನಿಂದ ನೋಡಿದರೆ ಆ ಕಾಲಿನ ಬೆರಳುಗಳು ಹೆಚ್ಚು ಕಾಣುತ್ತವೆ. ಅದೊಂದೇ ಕಾಲಿನ ತುದಿಬೆರಳ ಮೇಲೆ ನಿಲ್ಲುವುದು ಕಷ್ಟ.

ಪಠ್ಯಗಳಲ್ಲಿ ಟೆಂಡನ್‌ಗೆ ‘ಸ್ನಾಯುರಜ್ಜು’ ಇದೆ. ಮಾತಿನಲ್ಲಿ ಮಾತ್ರ ಎಲ್ಲವೂ ‘ನರ’. ಆದರೆ ಇಲ್ಲಿ ‘ನರ’ ಅಂತ ಬರೆಯುವ ಹಾಗಿಲ್ಲ. ಸಕ್ಕರೆ ಕಾಯಿಲೆಯಲ್ಲಿ ನಿಜವಾದ ನರಗಳೇ ಕೆಟ್ಟು, ಪಾದಕ್ಕೆ ಸ್ಪರ್ಶ ತಿಳಿಯದೆ, ಮೂಳೆ ಕೀಲು ಮುರಿದು ಕಮಾನು ಕುಸಿಯುವುದೂ ಉಂಟು. ಒಂದೇ ಪುಟದಲ್ಲಿ ಎರಡಕ್ಕೂ ‘ನರ’ ಅಂದರೆ ಓದುವವರು ಅಪಾಯದಲ್ಲಿ ಬೀಳುತ್ತಾರೆ. ನಿಮ್ಮ ಕಡೆಯ ಮಾತಿನಲ್ಲಿ ಟೆಂಡನ್‌ಗೆ ಬೇರೆ ಹೆಸರಿದೆಯೇ? ಇಲ್ಲವಾದರೆ ‘ಟೆಂಡನ್’ ಎಂದೇ ಇಟ್ಟುಕೊಂಡು, ಮೊದಲ ಸಲ ಬಂದಾಗ ‘ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು’ ಎಂದು ಬಿಡಿಸಿ ಹೇಳುತ್ತೇನೆ.

ಇನ್ನೊಂದು ಜೋಡಿ ‘ಫ್ಲೆಕ್ಸಿಬಲ್’ (ಕೈಯಿಂದ ಸರಿಯಾದ ಸ್ಥಾನಕ್ಕೆ ತರಬಹುದಾದ ಪಾದ), ‘ರಿಜಿಡ್’ (ಹಾಗೆ ತರಲಾಗದ ಪಾದ). ಚಿಕಿತ್ಸೆ ಯಾವುದು ಅನ್ನುವುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ. ಮೊದಮೊದಲು ವಿಶ್ರಾಂತಿ, ಕೆಲವು ವಾರ ಪಾದ ಅಲುಗದಂತೆ ಹಿಡಿಯುವ ಬೂಟು ಅಥವಾ ಪ್ಲಾಸ್ಟರ್, ಕಮಾನಿಗೆ ಆಸರೆ ಕೊಡುವ ಒಳಅಟ್ಟೆ, ವ್ಯಾಯಾಮ, ತೂಕ ಇಳಿಸುವುದು. ತಿಂಗಳುಗಟ್ಟಲೆ ಮಾಡಿದರೂ ಗುಣ ಕಾಣದಿದ್ದರೆ ಶಸ್ತ್ರಚಿಕಿತ್ಸೆ. ಪಾದವನ್ನು ಕೈಯಿಂದ ಸರಿಯಾದ ಸ್ಥಾನಕ್ಕೆ ತರಲು ಆಗುವ ಹಾಗಿದ್ದರೆ, ಕಾಲ್ಬೆರಳು ಮಡಿಸುವ ಪಕ್ಕದ ಟೆಂಡನ್ನನ್ನು ಸೋತದ್ದರ ಜಾಗಕ್ಕೆ ಜೋಡಿಸುತ್ತಾರೆ, ಹಿಮ್ಮಡಿ ಮೂಳೆಯನ್ನು ಕತ್ತರಿಸಿ ಒಳಕ್ಕೆ ಸರಿಸುತ್ತಾರೆ. ಸೆಟೆದುಹೋಗಿದ್ದರೆ ಸಾಮಾನ್ಯವಾಗಿ ಕೀಲುಗಳನ್ನೇ ಬೆಸೆಯುತ್ತಾರೆ. ‘ಫ್ಯೂಶನ್’ಗೆ ‘ಕೀಲು ಬೆಸೆಯುವುದು’ ಚೆನ್ನಾಗಿಯೇ ಹೊಂದುತ್ತದೆ.

‘ರಿಜಿಡ್’ಗೆ ‘ಸೆಟೆದ ಪಾದ’ ಎಂದುಕೊಂಡಿದ್ದೇನೆ. ‘ಪೆಡಸಾದ’ ಇನ್ನೂ ಹತ್ತಿರವೇ? ‘ಫ್ಲೆಕ್ಸಿಬಲ್’ಗೆ ‘ಬಾಗುವ’ ಅಂದರೆ ಪಾದ ಬಾಗಿ ವಕ್ರವಾಗಿದೆ ಅಂತ ಅರ್ಥವಾದೀತು. ‘ಬಳುಕುವ’ ಹೇಗೆ? ನಿಮ್ಮ ಮನೆಮಾತಿನಲ್ಲಿ ಇದಕ್ಕೆ ಏನಂತೀರಿ, ದಯವಿಟ್ಟು ತಿಳಿಸಿ.